ಮಗು ‘ಬೇಡ’ ಅಂದರೆ ಗಿಟಾರ್ ಎತ್ತಿಕೊಂಡು ಹೊರಡಬೇಕು: ಮಕ್ಕಳ ಆಸ್ಪತ್ರೆಯಲ್ಲಿ ಮ್ಯೂಸಿಕ್ ಥೆರಪಿ ಕಲಿಯುವ ಬಗೆ

ಆಸ್ಪತ್ರೆಯಲ್ಲಿ ಅಡ್ಮಿಟ್ ಆದ ಮಗು ಯಾವುದಕ್ಕೂ ‘ಬೇಡ’ ಅನ್ನುವ ಹಾಗಿಲ್ಲ. ರಕ್ತ ತೆಗೆಯಲು ಬಂದವರನ್ನು ವಾಪಸ್ ಕಳಿಸುವ ಹಾಗಿಲ್ಲ. ಕಹಿ ಔಷಧಿ ಬೇಡ ಅಂದರೆ ಕೇಳುವವರಿಲ್ಲ. ನಡುರಾತ್ರಿ ಎಬ್ಬಿಸಿ ಬಿಪಿ ನೋಡಲು ಬಂದರೂ ಸುಮ್ನೆ ಕೈ ಚಾಚಬೇಕು. ಊಟ ಯಾವಾಗ, ಸ್ನಾನ ಯಾವಾಗ, ಮನೆಗೆ ಯಾವಾಗ, ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಅಂಥ ಕೋಣೆಯ ಬಾಗಿಲು ತಟ್ಟಿ, ‘ಒಳಗೆ ಬರಬಹುದಾ?’ ಎಂದು ಮಗುವನ್ನೇ ಕೇಳಿ, ಬೇಡ ಅಂದರೆ ನಿಜವಾಗಿಯೂ ಹೊರಟುಹೋಗುವವರು ಬಹಳ ಕಡಿಮೆ. ಅವರಲ್ಲಿ ಒಬ್ಬರು ಮ್ಯೂಸಿಕ್ ಥೆರಪಿಸ್ಟ್. ಹೆಗಲಿಗೆ ಗಿಟಾರ್, ಪಕ್ಕದಲ್ಲೊಂದು ತಳ್ಳುಗಾಡಿ, ಅದರಲ್ಲಿ ಗಿಲಕಿ, ಡ್ರಮ್ಮು, ಐಪ್ಯಾಡು. ಅವರ ಹಿಂದೆ ಸ್ವಲ್ಪ ಹೆದರಿಕೊಂಡೇ ನಿಂತಿರುವವರು ಇಂಟರ್ನ್.

ಈ ಇಂಟರ್ನ್ ಆರೇಳು ತಿಂಗಳು ಅಲ್ಲಿ ಏನು ಕಲಿಯುತ್ತಾರೆ? ಹಾಡಲು, ನುಡಿಸಲು ಅವರಿಗೆ ಮೊದಲೇ ಬರುತ್ತದೆ. ಇಲ್ಲಿ ಕಲಿಯಬೇಕಾದದ್ದು ಮಗುವನ್ನು ನೋಡುವುದು, ಅದರ ಹಿಂದೆ ಹೋಗುವುದು, ಸರಿಯಾದ ಹೊತ್ತಿಗೆ ನಿಲ್ಲಿಸುವುದು. ವೇದಿಕೆ ಹತ್ತಿ ಅಭ್ಯಾಸ ಇರುವವರಿಗೆ ಇದು ಬಲು ಕಷ್ಟ. ಅಮೆರಿಕದಲ್ಲಿ ಈ ತರಬೇತಿಗೆ ಗಂಟೆಗಳ ಲೆಕ್ಕ, ಪರೀಕ್ಷೆ, ನಿಯಮ ಎಲ್ಲವೂ ಇವೆ. ಹಾಗಾಗಿ ಈ ಲೇಖನ ಬಹುಪಾಲು ಅಲ್ಲಿಯದೇ ಕಥೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸಂಗೀತ ಚಿಕಿತ್ಸೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿ. ಬಿಪಿಗೆ ಈ ರಾಗ, ನಿದ್ದೆಗೆ ಆ ರಾಗ, ಅಜೀರ್ಣಕ್ಕೆ ಇನ್ನೊಂದು. ಆ ಪಟ್ಟಿಗಳ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ರಾಗಗಳ ಮೇಲೆ ಇದೆ, ಪಟ್ಟಿಯ ಮೇಲೆ ಇಲ್ಲ. ಒಂದೇ ಹಾಡು ಒಬ್ಬ ಹುಡುಗನಿಗೆ ಅಜ್ಜಿಯ ಮನೆಯನ್ನು ನೆನಪಿಸುತ್ತದೆ, ಇನ್ನೊಬ್ಬನಿಗೆ ಆಂಬುಲೆನ್ಸ್‌ನಲ್ಲಿ ಕೇಳಿಸಿದ ರೇಡಿಯೋವನ್ನು ನೆನಪಿಸುತ್ತದೆ. ಮಕ್ಕಳ ಆಸ್ಪತ್ರೆಯಲ್ಲಿ ಹಾಡನ್ನು ಆರಿಸುವುದು ಕಾಯಿಲೆ ನೋಡಿ ಅಲ್ಲ, ಮಗುವನ್ನು ನೋಡಿ. ಐದು ವರ್ಷದವಳಿಗೆ ಕಾರ್ಟೂನಿನ ಹಾಡು ಬೇಕಾದರೆ ಅದೇ ಸರಿ. ಹದಿನಾರರ ಹುಡುಗನಿಗೆ ರ್‍ಯಾಪ್ ಬೇಕಾದರೆ, ಇಂಟರ್ನ್‌ಗೆ ರ್‍ಯಾಪ್ ಕಂಡರೆ ಆಗದಿದ್ದರೂ, ರ್‍ಯಾಪೇ ಸರಿ.

ಇನ್ನೊಂದು ಗೊಂದಲವೂ ಇದೆ. ಆಸ್ಪತ್ರೆಯ ಹಜಾರದಲ್ಲಿ ಸ್ವಯಂಸೇವಕರು ಬಂದು ಪಿಯಾನೋ ನುಡಿಸುತ್ತಾರೆ, ಹಬ್ಬಕ್ಕೆ ಹಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದು ಥೆರಪಿ ಅಲ್ಲ. ಥೆರಪಿಯಲ್ಲಿ ಡಾಕ್ಟರೋ ನರ್ಸೋ ‘ಈ ಮಗುವನ್ನು ನೋಡಿ’ ಎಂದು ಕಳಿಸಿರುತ್ತಾರೆ. ಮಗುವಿನ ಸ್ಥಿತಿ ಅಳೆಯುತ್ತಾರೆ, ಒಂದು ಗುರಿ ಇಟ್ಟುಕೊಳ್ಳುತ್ತಾರೆ, ಆಮೇಲೆ ಏನಾಯಿತು ಎಂದು ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಆ ಗುರಿ ಯಾವತ್ತೂ ಸಂಗೀತದ್ದಾಗಿರುವುದಿಲ್ಲ. ಮಗು ಚೆನ್ನಾಗಿ ಹಾಡಬೇಕು ಅಂತ ಯಾರೂ ಗುರಿ ಇಡುವುದಿಲ್ಲ. ಆಳವಾಗಿ ಉಸಿರಾಡಬೇಕು, ಎದ್ದು ಹತ್ತು ಹೆಜ್ಜೆ ನಡೆಯಬೇಕು, ಸೂಜಿ ಚುಚ್ಚುವಾಗ ನಾಲ್ಕು ಜನ ಹಿಡಿದುಕೊಳ್ಳುವ ಹಾಗಾಗಬಾರದು. ಗುರಿಗಳು ಇಂಥವು.

ಇಂಟರ್ನ್‌ಶಿಪ್‌ವರೆಗಿನ ದಾರಿ

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗಿ ನುಡಿಸುತ್ತಿದ್ದರು. ಅದರಿಂದ ಉಪಯೋಗ ಆಗುತ್ತಿದೆ ಎಂದು ಡಾಕ್ಟರುಗಳಿಗೆ ಗೊತ್ತಾಯಿತು. ಜೊತೆಗೇ, ಚೆನ್ನಾಗಿ ನುಡಿಸಿದರಷ್ಟೇ ಸಾಲದು, ರೋಗಿಯ ಬಗ್ಗೆ ತಿಳಿವಳಿಕೆ ಬೇಕು ಅನ್ನುವುದೂ ಗೊತ್ತಾಯಿತು. 1944ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಕ್ ಥೆರಪಿಯ ಮೊದಲ ಪದವಿ ಕೋರ್ಸ್ ಶುರುವಾಯಿತು. 1950ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. 1983ರಲ್ಲಿ ಪರೀಕ್ಷೆ ನಡೆಸುವ ಪ್ರತ್ಯೇಕ ಮಂಡಳಿ ಬಂತು. 1998ರಲ್ಲಿ ಆಗ ಇದ್ದ ಎರಡು ಸಂಘಗಳು ಒಂದಾಗಿ ಈಗಿನ ಅಮೆರಿಕನ್ ಮ್ಯೂಸಿಕ್ ಥೆರಪಿ ಅಸೋಸಿಯೇಷನ್ ಆಯಿತು.

ಈ ಸಂಘದ ನಿಯಮದಂತೆ ವಿದ್ಯಾರ್ಥಿ ಒಟ್ಟು 1,200 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಬೇಕು. ಅದರಲ್ಲಿ ಕನಿಷ್ಠ 180 ಗಂಟೆ ಕಾಲೇಜಿನಲ್ಲಿ ಓದುವಾಗಲೇ ಆಗಬೇಕು. ಕನಿಷ್ಠ 900 ಗಂಟೆ ಇಂಟರ್ನ್‌ಶಿಪ್‌ನಲ್ಲಿ. ಬಹಳ ಕಡೆ ಇಂಟರ್ನ್‌ಶಿಪ್ 1,020 ಗಂಟೆ ಇರುತ್ತದೆ. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೆ ಸುಮಾರು ಆರು ತಿಂಗಳು. ವೃದ್ಧಾಶ್ರಮ, ಮನೋರೋಗ ಆಸ್ಪತ್ರೆ, ವಿಶೇಷ ಶಾಲೆ, ಎಲ್ಲಿ ಬೇಕಾದರೂ ಮಾಡಬಹುದು. ಮಕ್ಕಳ ಆಸ್ಪತ್ರೆಗಳಲ್ಲಿ ಜಾಗ ಕಡಿಮೆ, ಅರ್ಜಿ ಜಾಸ್ತಿ.

ಆಯ್ಕೆಗೆ ಹಾಡಿ ತೋರಿಸಬೇಕು, ಗಿಟಾರ್ ಮತ್ತು ಪಿಯಾನೋ ನುಡಿಸಿ ತೋರಿಸಬೇಕು. ಅಲ್ಲಿ ನೋಡುವುದು ಕಛೇರಿಯ ಪಾಂಡಿತ್ಯ ಅಲ್ಲ. ಹಾಳೆ ನೋಡದೆ ಹಾಡಬಲ್ಲರಾ? ಯಾಕೆಂದರೆ ಕಣ್ಣು ಹಾಳೆಯ ಮೇಲಿದ್ದರೆ ಮಗುವನ್ನು ನೋಡುವವರು ಯಾರು? ಹಾಡಿನ ನಡುವೆ ಶ್ರುತಿ ಬದಲಿಸಬಲ್ಲರಾ? ಮಗುವಿನ ದನಿ ಎಲ್ಲಿದೆಯೋ ಅಲ್ಲಿಗೆ ಇವರು ಹೋಗಬೇಕು, ಮಗು ಇವರ ಶ್ರುತಿಗೆ ಬರುವುದಿಲ್ಲ. ನುಡಿಸುತ್ತಲೇ ತಾಯಿಯ ಜೊತೆ ಮಾತಾಡಬಲ್ಲರಾ? ಗಿಟಾರಿನ ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೂ ಇಷ್ಟೆಲ್ಲ ಮಾಡುವವರು, ಹತ್ತು ವರ್ಷ ಪಾಠವಾಗಿಯೂ ತಲೆಯೆತ್ತದವರಿಗಿಂತ ಇಲ್ಲಿ ಮುಂದೆ ಹೋಗುತ್ತಾರೆ.

ಮೊದಲ ದಿನಗಳು: ಗಿಟಾರಿಗಿಂತ ಮೊದಲು ಸೋಪು

ಆಸ್ಪತ್ರೆಗೆ ಸೇರಿದ ಕೂಡಲೇ ಹಾಡಲು ಬಿಡುವುದಿಲ್ಲ. ಲಸಿಕೆಯ ದಾಖಲೆ, ಟಿಬಿ ಪರೀಕ್ಷೆ, ಪೊಲೀಸ್ ಹಿನ್ನೆಲೆ ತಪಾಸಣೆ, ರೋಗಿಯ ಗುಟ್ಟು ಕಾಪಾಡುವ ಕಾನೂನಿನ ಪಾಠ, ಇವೆಲ್ಲ ಮೊದಲು. ಆಮೇಲೆ ಸೋಂಕಿನ ಪಾಠ. ಪ್ರತಿ ಕೋಣೆಗೆ ಹೋಗುವಾಗ, ಬರುವಾಗ ಕೈ ಶುಚಿ ಮಾಡಬೇಕು. ಬಾಗಿಲ ಮೇಲೆ ಅಂಟಿಸಿದ ಫಲಕ ಓದಬೇಕು. ಮುಟ್ಟಿದರೆ ಹರಡುವ ಸೋಂಕಿಗೆ ಒಂದು ಫಲಕ, ಕೆಮ್ಮಿದರೆ ಹರಡುವುದಕ್ಕೆ ಒಂದು, ಗಾಳಿಯಲ್ಲೇ ತೇಲುವುದಕ್ಕೆ ಇನ್ನೊಂದು. ಒಂದೊಂದಕ್ಕೂ ಗೌನು, ಗ್ಲೌಸು, ಮಾಸ್ಕಿನ ನಿಯಮ ಬೇರೆ.

ವಾದ್ಯಗಳಿಗೂ ಇದೇ ಶಾಸ್ತ್ರ. ಪ್ಲಾಸ್ಟಿಕ್ ಗಿಲಕಿಯನ್ನು ಔಷಧದ ಬಟ್ಟೆಯಿಂದ ಒರೆಸಬಹುದು. ಒರೆಸಿ ತಕ್ಷಣ ಒಣಗಿಸಿದರೆ ಪ್ರಯೋಜನವಿಲ್ಲ. ಪ್ಯಾಕೆಟ್ಟಿನ ಮೇಲೆ ಬರೆದಷ್ಟು ನಿಮಿಷ ಅದು ಒದ್ದೆಯಾಗಿಯೇ ಇರಬೇಕು. ಪಾಲಿಶ್ ಇಲ್ಲದ ಮರ, ತುಪ್ಪಳ, ಬಟ್ಟೆ ಸುತ್ತಿದ ಕೋಲು ಇವನ್ನು ಸರಿಯಾಗಿ ಒರೆಸಲಾಗುವುದಿಲ್ಲ, ಆದ್ದರಿಂದ ಹಲವು ಕೋಣೆಗಳಿಗೆ ತರುವಂತಿಲ್ಲ. ಬಾಯಲ್ಲಿ ಊದುವ ವಾದ್ಯವನ್ನು ಒಂದು ಮಗುವಿನಿಂದ ಇನ್ನೊಂದಕ್ಕೆ ಕೊಡುವ ಮಾತೇ ಇಲ್ಲ. ಸಿ. ಡಿಫ್ ಎಂಬ ಹೊಟ್ಟೆಯ ಸೋಂಕಿರುವ ಕೋಣೆಯಿಂದ ಬಂದರೆ ಸ್ಯಾನಿಟೈಸರ್ ಸಾಲದು. ಸೋಪು ನೀರಿನಲ್ಲೇ ಕೈ ತೊಳೆಯಬೇಕು, ವಾದ್ಯಕ್ಕೆ ಬ್ಲೀಚ್ ಬೇಕು. ಒಂದು ಗಂಟೆ ಹಾಡಿದರೆ ಅರ್ಧ ಗಂಟೆ ಒರೆಸುವುದೇ ಆಗುತ್ತದೆ ಅನ್ನಿಸುವಷ್ಟು ಕೆಲಸ ಇದು. ಇದನ್ನು ಯಾರೂ ಬ್ರೋಷರ್‌ನಲ್ಲಿ ಹಾಕುವುದಿಲ್ಲ.

ಮುಂದಿನದು ಚಾರ್ಟ್, ಅಂದರೆ ರೋಗಿಯ ದಾಖಲೆ ಓದುವುದು. ಆಪರೇಷನ್‌ಗಾಗಿ ಏನೂ ತಿನ್ನಬಾರದು ಎಂದು ಬರೆದಿರುವ ಮಗುವಿನ ಹತ್ತಿರ ಹೋಗಿ ತಿಂಡಿಯ ಹಾಡು ಹಾಡಿದರೆ ಹೇಗಿರುತ್ತದೆ? ಎದೆಮೂಳೆ ತೆರೆದು ಹೃದಯದ ಆಪರೇಷನ್ ಆದ ಮಗು ಕೈ ಮೇಲೆತ್ತಬಾರದು, ಜೋರಾಗಿ ಎಳೆಯಬಾರದು. ಹಾಗಾದರೆ ಡ್ರಮ್ ಎಲ್ಲಿಡಬೇಕು? ತೊಡೆಯ ಪಕ್ಕ, ಕೈಗೆ ಸುಲಭಕ್ಕೆ ಸಿಗುವ ಹಾಗೆ. ಮೂರ್ಛೆ ಬರುವ ಮಗುವಿನ ಹತ್ತಿರ ಮಿಣಮಿಣ ದೀಪದ ಆಟಿಕೆ ಬೇಡ. ಮಾನಿಟರ್‌ನ ಅಂಕಿಗಳನ್ನೂ ಓದಲು ಬರಬೇಕು. ಹೃದಯ ನಿಮಿಷಕ್ಕೆ ಎಷ್ಟು ಬಡಿಯುತ್ತಿದೆ, ಉಸಿರು ಎಷ್ಟು, ರಕ್ತದಲ್ಲಿ ಆಮ್ಲಜನಕ ಎಷ್ಟು. ಇವು ಹಾಡಿನ ತಾಳವನ್ನು ತೀರ್ಮಾನಿಸುವ ಅಂಕಿಗಳು.

ಒಂದು ಮಗು, ಒಂದು ಗುರಿ

ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಲು ಎಂಟು ವರ್ಷದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿದೆ. ನೋವಿಗೆ ಹೆದರಿ ಅವಳು ಮೇಲೆ ಮೇಲೆ ಉಸಿರಾಡುತ್ತಾಳೆ. ಹೀಗೇ ಮಲಗಿದ್ದರೆ ಶ್ವಾಸಕೋಶದ ಕೆಳಭಾಗ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ನ್ಯುಮೋನಿಯಾ ಆಗಬಹುದು. ಅದಕ್ಕೆ ನರ್ಸ್ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಿದ್ದಾರೆ. ಉಸಿರೆಳೆದರೆ ಒಳಗಿನ ಚೆಂಡು ಮೇಲೇಳುತ್ತದೆ. ಹುಡುಗಿ ಅದನ್ನು ತಳ್ಳಿಬಿಟ್ಟಿದ್ದಾಳೆ. ಎದ್ದು ನಡೆಯಲೂ ಒಲ್ಲಳು. ನರ್ಸ್ ಮ್ಯೂಸಿಕ್ ಥೆರಪಿಗೆ ಹೇಳಿ ಕಳಿಸುತ್ತಾರೆ.

ಹೊಸ ಇಂಟರ್ನ್ ಒಳಗೆ ಬಂದವರೇ ಖುಷಿಯ ಹಾಡೊಂದನ್ನು ಜೋರಾಗಿ ಶುರು ಮಾಡಿಬಿಡುವುದು ಸಾಮಾನ್ಯ. ಮಗು ಗೋಡೆಯ ಕಡೆ ಮುಖ ತಿರುಗಿಸುತ್ತದೆ. ಅನುಭವಿ ಥೆರಪಿಸ್ಟ್ ಬಾಗಿಲಲ್ಲೇ ನಿಂತು ಕೇಳುತ್ತಾರೆ. ಒಳಗೆ ಬರಲಾ? ಬಂದರೆ ಇಲ್ಲಿ ಕೂರಲಾ, ಅಲ್ಲಿ ಕೂರಲಾ? ಗಿಲಕಿ ನಿನಗಾ, ಅಮ್ಮನಿಗಾ? ಮೊದಲು ನೀನು ಬಾರಿಸುತ್ತೀಯಾ, ನಾನಾ? ನೋಡಲು ಇವು ಚಿಕ್ಕ ಪ್ರಶ್ನೆಗಳು. ಆದರೆ ಎರಡು ದಿನದಿಂದ ಆ ಮಗುವನ್ನು ಯಾರೂ ಏನೂ ಕೇಳಿಲ್ಲ ಅಲ್ವಾ? ಪ್ರತಿ ಆಯ್ಕೆಯಲ್ಲೂ ಸ್ವಲ್ಪ ಹಿಡಿತ ಅವಳಿಗೆ ವಾಪಸ್ ಸಿಗುತ್ತದೆ. ಅವಳು ‘ಎಲ್ಲಾ ಬೇಡ, ಹೋಗಿ’ ಅಂದರೂ ಅದು ಸೋಲಲ್ಲ. ‘ಸರಿ, ಮಧ್ಯಾಹ್ನ ಬಂದು ಕೇಳ್ತೀನಿ’ ಎಂದು ಹೇಳಿ, ಹೇಳಿದ ಹೊತ್ತಿಗೆ ಬಂದು, ಮತ್ತೆ ಬಾಗಿಲಲ್ಲೇ ನಿಂತು ಕೇಳಬೇಕು. ಎರಡನೇ ಸಲಕ್ಕೆ ಒಳಗೆ ಕರೆಯುವ ಮಕ್ಕಳು ಬಹಳ. ತಮ್ಮ ಮಾತು ನಡೆಯುತ್ತದೆ ಎಂದು ಅವರಿಗೆ ಖಾತ್ರಿಯಾಗಿರುತ್ತದೆ.

ಆಮೇಲಿನದು ಕಸುಬಿನ ಚಾತುರ್ಯ. ಅವಳಿಗೆ ಗೊತ್ತಿರುವ ಹಾಡನ್ನು ನಿಧಾನಕ್ಕೆ ಹಾಡುತ್ತಾ, ಸಾಲಿನ ಕೊನೆಯ ಪದಕ್ಕೆ ಮುಂಚೆ ನಿಲ್ಲಿಸುತ್ತಾರೆ. ಆ ಖಾಲಿ ಜಾಗವನ್ನು ಮಗು ಸುಮ್ಮನೆ ಬಿಡಲಾರದು. ಪದ ತುಂಬಿಸುತ್ತದೆ. ಪದ ಹೇಳಲು ಉಸಿರು ಬೇಕು. ಒಂದು ಪದ ಎರಡಾಗುತ್ತದೆ, ಎರಡು ಪೂರ್ತಿ ಸಾಲಾಗುತ್ತದೆ. ಉದ್ದದ ಸಾಲಿಗೆ ಆಳದ ಉಸಿರು ಬೇಕೇ ಬೇಕು. ಚೆಂಡಿನ ಸಾಧನ ಮಾಡಿಸಲಾಗದ ಕೆಲಸ ಹೀಗೆ ಆಗುತ್ತದೆ. ಮರುದಿನ ಫಿಸಿಯೋಥೆರಪಿಸ್ಟ್ ಜೊತೆ ಸೇರಿ ಕಾರಿಡಾರಿನಲ್ಲಿ ಡ್ರಮ್ ಮೆರವಣಿಗೆ. ಡ್ರಮ್ಮಿನ ಬಡಿತ ಮೊದಲು ಅವಳ ಹೆಜ್ಜೆಗೆ ಹೊಂದಿಕೊಳ್ಳುತ್ತದೆ, ಆಮೇಲೆ ಚೂರು ಚೂರೇ ವೇಗ ಏರುತ್ತದೆ. ಮಿದುಳಿಗೆ ಪೆಟ್ಟು ಬಿದ್ದು ನಡಿಗೆ ಮರೆತವರಿಗೂ ಲಯ ಹೀಗೇ ನೆರವಾಗುತ್ತದೆ. 1990ರ ದಶಕದಲ್ಲಿ ಕೊಲೊರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಥಾಟ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಅಧ್ಯಯನ ಮಾಡಿದರು.

ಸೆಷನ್ ಮುಗಿದ ಮೇಲೆ ಸೂಪರ್‌ವೈಸರ್ ಕೇಳುವುದು ‘ಹೇಗಿತ್ತು?’ ಅಂತ ಅಲ್ಲ. ಮೂರನೇ ಸಾಲಿನಲ್ಲಿ ಅವಳ ಭುಜ ಬಿಗಿಯಾಯಿತು, ಆಗ ನೀವೇನು ಮಾಡಿದಿರಿ? ತಾಯಿ ಮೊಬೈಲ್ ನೋಡುತ್ತಿದ್ದರು, ಅವರನ್ನು ಯಾಕೆ ಸೇರಿಸಿಕೊಳ್ಳಲಿಲ್ಲ? ಅವಳು ನಿಲ್ಲಿಸಿದ ಮೇಲೂ ನೀವು ಇನ್ನೊಂದು ಚರಣ ಹಾಡಿದಿರಿ, ಅದು ಯಾರಿಗಾಗಿ? ಕೊನೆಯ ಪ್ರಶ್ನೆಗೆ ಬಹಳ ಇಂಟರ್ನ್‌ಗಳ ಹತ್ತಿರ ಉತ್ತರ ಇರುವುದಿಲ್ಲ. ಕಛೇರಿಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಬರೆಯುವುದೂ ಒಂದು ಪಾಠ. ‘ಮಗು ತುಂಬಾ ಖುಷಿಪಟ್ಟಿತು’ ಎಂದು ಬರೆದರೆ ಸೂಪರ್‌ವೈಸರ್ ಹೊಡೆದು ಹಾಕುತ್ತಾರೆ. ಖುಷಿ ಅಂದರೆ ಏನು ಕಂಡಿರಿ? ಹಾಡು ಶುರುವಾದಾಗ ಹೃದಯದ ಬಡಿತ ಎಷ್ಟಿತ್ತು, ಮುಗಿದಾಗ ಎಷ್ಟಿತ್ತು? ಯಾರೂ ಹೇಳದೆ ಬಲಗೈಯಿಂದ ಎಷ್ಟು ಸಲ ಗಿಲಕಿ ಆಡಿಸಿತು? ನೋವು ಎಷ್ಟು ಎಂದು ಕೇಳಿದ್ದಕ್ಕೆ ಮೊದಲು ಏನು ಹೇಳಿತು, ಆಮೇಲೆ ಏನು ಹೇಳಿತು? ಆ ಟಿಪ್ಪಣಿಯನ್ನು ಡಾಕ್ಟರ್ ಓದುತ್ತಾರೆ. ಅವರಿಗೆ ಬೇಕಾದ ಭಾಷೆಯಲ್ಲಿ ಇರಬೇಕು.

ಸೂಜಿ ಚುಚ್ಚುವ ಹೊತ್ತು

ಇಂಟರ್ನ್‌ಗಳಿಗೆ ಜಾಸ್ತಿ ಭಯ ಹುಟ್ಟಿಸುವ ಕೆಲಸ ಇದು. ಡ್ರಿಪ್ ಹಾಕಬೇಕು, ಗಾಯದ ಬ್ಯಾಂಡೇಜ್ ಬದಲಿಸಬೇಕು, ಹೃದಯದ ಸ್ಕ್ಯಾನ್‌ಗೆ ಅಲ್ಲಾಡದೆ ಮಲಗಬೇಕು. ಮಗು ಕಿರುಚುತ್ತಿರುತ್ತದೆ. ಕೋಣೆಯಲ್ಲಿ ಐದು ಜನ, ಐದೂ ಜನ ಒಟ್ಟಿಗೆ ‘ಏನಾಗಲ್ಲ ಪುಟ್ಟಾ’ ಅನ್ನುತ್ತಿರುತ್ತಾರೆ.

ಇಲ್ಲಿ ಬರುವುದು ‘ಐಸೋ’ ತತ್ವ. 1940ರ ದಶಕದಲ್ಲಿ ಮಿಶಿಗನ್‌ನ ಎಲೋಯಿಸ್ ಆಸ್ಪತ್ರೆಯ ಮನೋವೈದ್ಯ ಇರಾ ಆಲ್ಟ್‌ಶುಲರ್ ಇದನ್ನು ಮುಂದಿಟ್ಟರು. ರೋಗಿ ಈಗ ಯಾವ ಸ್ಥಿತಿಯಲ್ಲಿದ್ದಾನೋ ಅಲ್ಲಿಂದಲೇ ಸಂಗೀತ ಶುರುವಾಗಬೇಕು, ಆಮೇಲೆ ಅವನನ್ನು ನಿಧಾನಕ್ಕೆ ಬೇರೆಡೆಗೆ ಕರೆದೊಯ್ಯಬೇಕು. ಕಿರುಚುವ ಮಗುವಿನ ಮುಂದೆ ಮೆಲ್ಲಗೆ ಜೋಗುಳ ಹಾಡಿದರೆ ಅದಕ್ಕೆ ಕೇಳಿಸುವುದೂ ಇಲ್ಲ, ತನ್ನನ್ನು ಯಾರೂ ಅರ್ಥ ಮಾಡಿಕೊಂಡಿಲ್ಲ ಅನ್ನಿಸುತ್ತದೆ. ಆದ್ದರಿಂದ ಮೊದಲು ಅಳುವಿನ ವೇಗಕ್ಕೆ, ಅಳುವಿನ ಎತ್ತರಕ್ಕೆ ಸರಿಹೊಂದುವ ಗಟ್ಟಿ ತಾಳ. ಮಗು ಒಂದು ಕ್ಷಣ ತಿರುಗಿ ನೋಡುತ್ತದೆ. ಅಲ್ಲಿಂದ ವೇಗ ಇಳಿಸುತ್ತಾ, ದನಿ ತಗ್ಗಿಸುತ್ತಾ ಹೋಗುತ್ತಾರೆ. ಉಸಿರು ಹಿಂದೆಯೇ ಬರುತ್ತದೆ. ಪ್ರತಿ ಸಲವೂ ಬರುತ್ತದೆ ಎಂದೇನಿಲ್ಲ.

ಇದರ ಜೊತೆ ಕೆಲವು ನಿಯಮಗಳಿವೆ. ಚುಚ್ಚುವ ಹೊತ್ತಿಗೆ ಓಡಿ ಬಂದರೆ ಉಪಯೋಗವಿಲ್ಲ, ಮೊದಲೇ ಬಂದು ಮಗುವಿನ ಪರಿಚಯ ಆಗಿರಬೇಕು. ಕೋಣೆಯಲ್ಲಿ ಒಂದೇ ದನಿ ಇರಬೇಕು, ಉಳಿದವರು ಸುಮ್ಮನಿರಬೇಕು. ಇದನ್ನು ಡಾಕ್ಟರಿಗೆ ಹೇಳುವ ಧೈರ್ಯ ಇಂಟರ್ನ್‌ಗೆ ಬರಲು ತಿಂಗಳುಗಳೇ ಬೇಕು. ಚುಚ್ಚಿದ ಕ್ಷಣದಲ್ಲಿ ಗಾಬರಿಯಾಗಿ ಹಾಡು ನಿಲ್ಲಿಸಬಾರದು. ಚುಚ್ಚುವುದಿಲ್ಲ ಎಂದು ಸುಳ್ಳು ಹೇಳಲೇಬಾರದು. ಇನ್ನೊಂದು ಸೂಕ್ಷ್ಮ ಇದೆ. ಮಗುವಿಗೆ ಪ್ರಾಣಕ್ಕಿಂತ ಪ್ರಿಯವಾದ ಹಾಡನ್ನು ಈ ಹೊತ್ತಿಗೆ ಬಳಸದಿರುವುದೇ ವಾಸಿ ಎಂದು ಹಲವು ಥೆರಪಿಸ್ಟ್‌ಗಳು ಎಚ್ಚರಿಸುತ್ತಾರೆ. ಮನೆಗೆ ಹೋದ ಮೇಲೂ ಆ ಹಾಡು ಸೂಜಿಯನ್ನು ನೆನಪಿಸಬಾರದಲ್ಲ.

ಇದಕ್ಕೆ ಆಧಾರ ಇದೆಯೇ? ಒಂದಷ್ಟು ಇದೆ. ಕೆನಡಾದ ಎಡ್ಮಂಟನ್‌ನಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 3ರಿಂದ 11 ವರ್ಷದ 42 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಡ್ರಿಪ್ ಹಾಕುವಾಗ ಸಂಗೀತ ಕೇಳಿದ ಮಕ್ಕಳು ಕಡಿಮೆ ನೋವು ಹೇಳಿದರು, ಸೂಜಿ ಹಾಕುವವರಿಗೂ ಕೆಲಸ ಸುಲಭವಾಯಿತು. ಆದರೆ ಅಲ್ಲಿ ಬಳಸಿದ್ದು ರೆಕಾರ್ಡ್ ಮಾಡಿದ ಸಂಗೀತ, ಪಕ್ಕದಲ್ಲಿ ಕೂತ ಥೆರಪಿಸ್ಟ್ ಅಲ್ಲ. ಮಕ್ಕಳ ಸಂಖ್ಯೆಯೂ ಚಿಕ್ಕದು. ಎಲ್ಲ ಅಧ್ಯಯನಗಳನ್ನೂ ಒಂದೇ ಬುಟ್ಟಿಗೆ ಹಾಕಿ ‘ಸಂಗೀತದಿಂದ ನೋವು ಮಾಯ’ ಎಂದು ಬರೆಯುವವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳುವುದು ಒಳ್ಳೆಯದು.

ಅವಧಿಗೆ ಮುಂಚೆ ಹುಟ್ಟಿದವರ ವಾರ್ಡು

ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಇಂಟರ್ನ್ ಬರುವುದು ಸಾಮಾನ್ಯವಾಗಿ ಕೊನೆಗೆ. ಇಲ್ಲಿ ತಪ್ಪಿಗೆ ಜಾಗ ಕಡಿಮೆ. ಅಂಗೈಯಷ್ಟು ಮಗುವಿನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ವಾರ್ಡಿನ ಸದ್ದು 45 ಡೆಸಿಬೆಲ್ ದಾಟಬಾರದು ಎಂದು ಸಲಹೆ ಕೊಟ್ಟಿದೆ. ಮೆಲ್ಲಗೆ ಮಾತಾಡಿದರೂ ದಾಟಿಹೋಗುವ ಮಟ್ಟ ಅದು. ಅಲ್ಲಿ ಅಲಾರಾಂಗಳು ಕೂಗುತ್ತಲೇ ಇರುತ್ತವೆ. ಅದರ ನಡುವೆ ಇನ್ನೊಂದು ಸದ್ದು ಸೇರಿಸಲು ಬರುವವರ ಹತ್ತಿರ ಗಟ್ಟಿ ಕಾರಣ ಇರಬೇಕು.

ಆದ್ದರಿಂದ ಗಿಟಾರ್ ಆಮೇಲೆ. ಮೊದಲು ಒಂದೇ ದನಿ, ಬರೀ ಗುನುಗು, ಕೆಲವೇ ಸ್ವರ, ಒಂದೇ ಸಮನಾದ ನಿಧಾನ ಲಯ. ಕಣ್ಣು ಮಗುವಿನ ಮೇಲೆ. ಬೆರಳುಗಳನ್ನು ಅಗಲಿಸಿತೇ? ಬಿಕ್ಕಳಿಕೆ ಬಂತೇ? ಆಕಳಿಸಿತೇ? ಮುಖ ತಿರುಗಿಸಿತೇ? ಬಣ್ಣ ಬದಲಾಯಿತೇ? ಇವೆಲ್ಲ ‘ಸಾಕು’ ಅನ್ನುವ ಸೂಚನೆಗಳು. ಮಾತು ಬಾರದ, ಅಳಲೂ ಶಕ್ತಿಯಿಲ್ಲದ ಮಗು ‘ಬೇಡ’ ಅನ್ನುವುದು ಹೀಗೆ. ಕಂಡ ಕೂಡಲೇ ನಿಲ್ಲಿಸಬೇಕು. ಅಂಗೈ ಎತ್ತಿ ‘ನಿಲ್ಲಿ’ ಅನ್ನುವಂತೆ ತೋರಿಸುವ ಪುಟ್ಟ ಕೈಯನ್ನು ಗುರುತಿಸಲು ಕಲಿತ ಇಂಟರ್ನ್, ಎಂಟು ವರ್ಷದವರ ಭುಜದ ಬಿಗಿಯನ್ನು ಆಮೇಲೆ ಸುಲಭವಾಗಿ ಹಿಡಿಯುತ್ತಾರೆ.

ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜೇನ್ ಸ್ಟ್ಯಾಂಡ್ಲಿ ಚೀಪುವ ನಿಪ್ಪಲ್ಲಿಗೆ ಸೆನ್ಸರ್ ಜೋಡಿಸಿದ ಸಾಧನವೊಂದನ್ನು ಬಳಕೆಗೆ ತಂದರು. ಮಗು ಸರಿಯಾಗಿ ಚೀಪಿದರೆ ಕೆಲವು ಸೆಕೆಂಡು ಜೋಗುಳ ಕೇಳಿಸುತ್ತದೆ. ಚೀಪುವುದು ನಿಂತರೆ ಹಾಡೂ ನಿಲ್ಲುತ್ತದೆ. ಬೇಗ ಹುಟ್ಟಿದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ನಿಭಾಯಿಸಲು ಬರುವುದಿಲ್ಲ. ಅದು ಬಾರದೆ ಬಾಯಿಂದ ಹಾಲು ಕುಡಿಯಲಾಗದು, ಕುಡಿಯದೆ ಮನೆಗೆ ಹೋಗಲಾಗದು. ಇಲ್ಲಿ ಹಾಡು ಬಹುಮಾನ, ಅದನ್ನು ಚಾಲೂ ಮಾಡುವವರು ಆ ಎಳೆಯರೇ.

ನ್ಯೂಯಾರ್ಕಿನ ಜೋಆನ್ ಲೋವಿ ಮತ್ತು ಸಂಗಡಿಗರು 11 ಆಸ್ಪತ್ರೆಗಳಲ್ಲಿ 272 ಅವಧಿಪೂರ್ವ ಶಿಶುಗಳನ್ನು ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ಅವರು ಮೂರನ್ನು ನೋಡಿದರು. ಗರ್ಭದ ಸದ್ದನ್ನು ಹೋಲುವ ಒಂದು ತಟ್ಟೆವಾದ್ಯ, ಎದೆಬಡಿತದಂತೆ ಬಾರಿಸುವ ಮರದ ಪೆಟ್ಟಿಗೆ, ಮತ್ತು ತಂದೆತಾಯಿ ತಾವೇ ಆರಿಸಿದ ಹಾಡು. ನುಡಿಸಿದ್ದು, ಹಾಡಿದ್ದು ಎಲ್ಲವೂ ಅಲ್ಲೇ, ಎದುರಿಗೆ, ಮಗುವಿನ ಉಸಿರು ನೋಡಿಕೊಂಡು. ಎದೆಬಡಿತ, ನಿದ್ದೆ, ಹಾಲು ಕುಡಿಯುವುದು, ಇವುಗಳಲ್ಲಿ ಒಳ್ಳೆಯ ಬದಲಾವಣೆಗಳು ಕಂಡವು. ತಂದೆತಾಯಿಯ ಆತಂಕವೂ ತಗ್ಗಿತು.

ಆ ಮೂರನೆಯದರ ಬಗ್ಗೆ ನಮಗೆ ವಿಶೇಷ ಆಸಕ್ತಿ ಇರಬೇಕು. ಡಲ್ಲಾಸ್ ಆಗಲಿ ನ್ಯೂಜೆರ್ಸಿ ಆಗಲಿ, ಕನ್ನಡದ ಮನೆಯಲ್ಲಿ ಮಗು ಬೇಗ ಹುಟ್ಟಿದರೆ, ಬಾಣಂತನಕ್ಕೆಂದು ಊರಿಂದ ಬಂದ ಅಜ್ಜಿಯೂ ಎನ್‌ಐಸಿಯು ಬಾಗಿಲಲ್ಲಿ ಕೂತಿರುತ್ತಾರೆ. ಇಂಟರ್ನ್‌ಗೆ ಕನ್ನಡ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ‘ನಿಮ್ಮ ಮನೆಯಲ್ಲಿ ಮಗುವನ್ನು ಮಲಗಿಸುವಾಗ ಏನು ಹಾಡುತ್ತಾರೆ?’ ಎಂದು ಕೇಳಿದರೆ ಸಾಕು. ನಮ್ಮ ಜೋಗುಳಗಳಲ್ಲಿ ಸ್ವರ ಕಡಿಮೆ, ಲಯ ತೊಟ್ಟಿಲಿನದು, ಸಾಲುಗಳು ಮತ್ತೆ ಮತ್ತೆ ಬರುತ್ತವೆ. ಎನ್‌ಐಸಿಯು ನಿಯಮ ಕೇಳುವುದೂ ಇದನ್ನೇ. ಇಂಟರ್ನ್ ಅದನ್ನು ಕಲಿತು ತಾನೇ ಹಾಡಿಬಿಟ್ಟರೆ ಅರ್ಧ ಕೆಲಸ ಆದಂತೆ. ತಾಯಿಯೇ ಹಾಡಬೇಕು. ತನ್ನ ದನಿ ಚೆನ್ನಾಗಿಲ್ಲ ಎಂದು ನಾಚುವ ತಾಯಿಯ ಹಿಂದೆ ಸಣ್ಣಗೆ ಗುನುಗುತ್ತಾ, ಮಾನಿಟರ್ ತೋರಿಸಿ ‘ನೋಡಿ, ನಿಮ್ಮ ದನಿಗೆ ಬಡಿತ ಇಳಿಯಿತು’ ಎಂದು ಹೇಳಿ, ತಾನು ಹಿಂದೆ ಸರಿಯಬೇಕು. ವಾರಗಟ್ಟಲೆ ಗಾಜಿನ ಪೆಟ್ಟಿಗೆಯ ಹೊರಗೆ ನಿಂತ ತಾಯಿಗೆ, ತಾನು ಮಾಡಬಹುದಾದದ್ದೂ ಒಂದಿದೆ ಎಂದು ಆಗ ಗೊತ್ತಾಗುತ್ತದೆ.

ಹದಿಹರೆಯದವರು, ಮತ್ತು ಉಳಿಯದವರು

ಹದಿಹರೆಯದವರ ಹತ್ತಿರ ಗಿಲಕಿ ತಂದರೆ ಮುಗಿಯಿತು ಕಥೆ. ಅವರಿಗೆ ಹಾಡು ಬರೆಯುವುದು, ಬೀಟ್ ಮಾಡುವುದು, ರೆಕಾರ್ಡ್ ಮಾಡುವುದು ಇಷ್ಟ. ಅಸ್ಥಿಮಜ್ಜೆ ಕಸಿಯಾದವರು ವಾರಗಟ್ಟಲೆ ಒಂದೇ ಕೋಣೆಯಲ್ಲಿ ಇರಬೇಕು. ನೆಟ್ಟಗೆ ‘ಭಯ ಆಗ್ತಿದೆಯಾ?’ ಎಂದು ಕೇಳಿದರೆ ಭುಜ ಕುಣಿಸುತ್ತಾರೆ. ಅದೇ ಭಯ ಹಾಡಿನ ಎರಡನೇ ಚರಣದಲ್ಲಿ ತಾನಾಗಿ ಬಂದು ಕೂರುತ್ತದೆ. ಮ್ಯೂಸಿಕ್ ಥೆರಪಿ ಸಂಶೋಧಕಿ ಶೆರಿ ರಾಬ್ ಮತ್ತು ತಂಡ 11ರಿಂದ 24 ವರ್ಷದ 113 ಕಸಿ ರೋಗಿಗಳ ಜೊತೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹಾಡು ಬರೆದು ವಿಡಿಯೋ ಮಾಡಿದವರು ಕಷ್ಟವನ್ನು ಎದುರಿಸುವ ರೀತಿ, ಮನೆಯವರ ಜೊತೆಗಿನ ಸಂಬಂಧ, ಗೆಳೆಯರ ಒಡನಾಟ ಇವುಗಳಲ್ಲಿ ಇತರರಿಗಿಂತ ಮುಂದಿದ್ದರು.

ಕೆಲವು ಮಕ್ಕಳು ಉಳಿಯುವುದಿಲ್ಲ. ಇದನ್ನು ಮೊದಲ ವಾರವೇ ಇಂಟರ್ನ್‌ಗೆ ಹೇಳುತ್ತಾರೆ. ಹೇಳಿದರೆ ಸಿದ್ಧತೆ ಆಗುತ್ತದೆ ಎಂದೇನಲ್ಲ. ಹಲವು ಮಕ್ಕಳ ಆಸ್ಪತ್ರೆಗಳಲ್ಲಿ ಡಿಜಿಟಲ್ ಸ್ಟೆತಾಸ್ಕೋಪ್‌ನಿಂದ ಮಗುವಿನ ಎದೆಬಡಿತ ರೆಕಾರ್ಡ್ ಮಾಡಿ, ಅದನ್ನೇ ತಾಳವಾಗಿಟ್ಟು, ಮನೆಯವರಿಗೆ ಬೇಕಾದ ಹಾಡನ್ನು ಅದರ ಮೇಲೆ ನುಡಿಸಿ ಕೊಡುತ್ತಾರೆ. ಇಲ್ಲೂ ಕೇಳಿಯೇ ಮುಂದುವರಿಯಬೇಕು. ಕೆಲವು ಮನೆಯವರಿಗೆ ಅದು ಬೇಡ. ಕೋಣೆಯಲ್ಲಿ ಕಣ್ಣೀರು ಬಂದರೆ ತಪ್ಪೇನಿಲ್ಲ, ಆದರೆ ಮನೆಯವರು ಇಂಟರ್ನ್‌ನ್ನು ಸಮಾಧಾನ ಮಾಡುವ ಸ್ಥಿತಿ ಬರಬಾರದು. ಸೂಪರ್‌ವೈಸರ್ ಜೊತೆ ಕೂತು ಮಾತಾಡುವ ಹೊತ್ತು ಬಹಳ ಸಲ ಇದಕ್ಕೇ ಹೋಗುತ್ತದೆ. ಯಾವ ಮಗುವಿನ ಕೋಣೆಗೆ ನೀವು ಬೇಕಂತಲೇ ಕೊನೆಗೆ ಹೋಗುತ್ತಿದ್ದೀರಿ? ಯಾಕೆ? ಉತ್ತರ ಎಷ್ಟೋ ಸಲ ಇಂಟರ್ನ್‌ನ ಸ್ವಂತ ಮನೆಯ ಯಾವುದೋ ಸಾವಿಗೆ ಹೋಗಿ ಮುಟ್ಟುತ್ತದೆ.

ದುಡ್ಡಿನ ಮಾತು, ಮತ್ತು ನಮ್ಮವರಿಗೆ

ಬಹುಪಾಲು ಇಂಟರ್ನ್‌ಶಿಪ್‌ಗಳಿಗೆ ಸಂಬಳವಿಲ್ಲ. ಕೆಲವು ಕಡೆ ಸಣ್ಣ ಭತ್ಯೆ ಕೊಡುತ್ತಾರೆ. ವಾರಕ್ಕೆ 40 ಗಂಟೆ ಕೆಲಸ, ಅದರ ಮೇಲೆ ಕಾಲೇಜಿನ ಫೀಸು, ಬಾಡಿಗೆ. ಅನುಕೂಲಸ್ಥರ ಮಕ್ಕಳಷ್ಟೇ ಈ ಕಸುಬಿಗೆ ಬರುವಂತಾದರೆ ಅದಕ್ಕೆ ಇದೇ ಕಾರಣ, ಮತ್ತು ಇದು ಸರಿಯಲ್ಲ. ಥೆರಪಿಸ್ಟ್‌ಗಳ ಸಂಬಳವೂ ಎಷ್ಟೋ ಆಸ್ಪತ್ರೆಗಳಲ್ಲಿ ದಾನಿಗಳ ಹಣದಿಂದಲೇ ಬರುತ್ತದೆ.

ಭಾರತದಿಂದ ಹೋಗಿ ಓದುವವರು ಇನ್ನೆರಡು ಸಂಗತಿ ತಿಳಿದಿರಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಇಂಟರ್ನ್‌ಶಿಪ್ ಮಾಡಲು, ಅದು ಕೋರ್ಸಿನ ಭಾಗವಾದ್ದರಿಂದ, ಕಾಲೇಜಿನಿಂದ ಸಿಪಿಟಿ ಎಂಬ ಅನುಮತಿ ಪಡೆಯಬೇಕು. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ, ಪದವಿಯ ನಂತರ ಕೆಲಸ ಮಾಡುವ ಒಪಿಟಿ ಅವಕಾಶ ಹೋಗುತ್ತದೆ. ಆರು ತಿಂಗಳಿಗೆ ಆ ಭಯವಿಲ್ಲ. ಎರಡನೆಯದು ಸಂಗೀತದ್ದು. ಕರ್ನಾಟಕ ಸಂಗೀತ ಕಲಿತವರಿಗೆ ಮನೋಧರ್ಮ ಬಲು ದೊಡ್ಡ ಆಸ್ತಿ. ಎದುರಿನವರು ಕೊಟ್ಟ ಎರಡು ಸ್ವರ ಹಿಡಿದು ಆ ಕ್ಷಣದಲ್ಲೇ ಬೆಳೆಸುವುದು ಅವರಿಗೆ ಗೊತ್ತು. ಆದರೆ ಜೀವನವಿಡೀ ತಮ್ಮದೇ ಶ್ರುತಿಯಲ್ಲಿ ಹಾಡಿದವರಿಗೆ, ಮಗುವಿನ ಶ್ರುತಿಗೆ ಜಾರುವುದು, ಗಿಟಾರಿನ ಕಾರ್ಡ್ ಹಿಡಿಯುವುದು ಹೊಸದಾಗಿ ಕಲಿಯಬೇಕಾದ ವಿದ್ಯೆ.

ಇಂಟರ್ನ್‌ಶಿಪ್ ಮುಗಿದ ಮೇಲೆ ಮಂಡಳಿಯ ಪರೀಕ್ಷೆ. 150 ಪ್ರಶ್ನೆ, ಅದರಲ್ಲಿ 130ಕ್ಕೆ ಮಾತ್ರ ಅಂಕ. ಪಾಸಾದರೆ ಹೆಸರಿನ ನಂತರ ಎಂಟಿ-ಬಿಸಿ, ಅಂದರೆ ಮಂಡಳಿಯ ಮಾನ್ಯತೆ ಪಡೆದ ಮ್ಯೂಸಿಕ್ ಥೆರಪಿಸ್ಟ್, ಎಂದು ಹಾಕಿಕೊಳ್ಳಬಹುದು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು.

ನಮ್ಮಲ್ಲಿ ಇಡೀ ದೇಶಕ್ಕೆ ಇಂಥ ಒಂದೇ ಪರೀಕ್ಷೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಬಗ್ಗೆ ಸಂಶೋಧನೆ ನಡೆಯುತ್ತದೆ. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಆಸ್ಪತ್ರೆಗೆ ಹೊಂದಿಕೊಂಡಂತೆಯೇ ಮ್ಯೂಸಿಕ್ ಥೆರಪಿ ಕೇಂದ್ರವಿದೆ. ಇವುಗಳ ಜೊತೆಗೆ ವಾರಾಂತ್ಯದಲ್ಲಿ ಮುಗಿದುಹೋಗುವ ಸರ್ಟಿಫಿಕೇಟ್ ಕೋರ್ಸುಗಳೂ ಬೇಕಾದಷ್ಟಿವೆ. ಫೀಸು ಕಟ್ಟುವ ಮುಂಚೆ ಅವರನ್ನು ಇಷ್ಟು ಕೇಳಿ: ರೋಗಿಯ ಹಾಸಿಗೆ ಪಕ್ಕದಲ್ಲಿ ನನಗೆ ಎಷ್ಟು ಗಂಟೆ ಸಿಗುತ್ತದೆ? ಆಗ ನನ್ನನ್ನು ನೋಡುತ್ತಾ ಯಾರು ಕೂತಿರುತ್ತಾರೆ? ಅವರು ಎಲ್ಲಿ, ಎಷ್ಟು ವರ್ಷ ರೋಗಿಗಳ ಜೊತೆ ಕೆಲಸ ಮಾಡಿದ್ದಾರೆ? ಮಗು ಬೇಡ ಅಂದ ದಿನದ ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ?